ಬೀಗ ಹಾಕಿದ ಕೋಣೆ

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಹಿಂದೆ ಬಾಡಿಗೆಗೆ ಮನೆ ಹುಡುಕಿದವರಿಗೆ ಒಂದು ಅನುಭವ ಆಗಿರುವುದುಂಟು. ಮನೆಯ ಯಜಮಾನರು ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಿಲು ಎಲ್ಲವನ್ನೂ ತೋರಿಸಿ, ಕೊನೆಗೆ ಒಂದು ಬಾಗಿಲಿನ ಮುಂದೆ ನಿಂತು, “ಈ ಕೋಣೆ ಒಂದು ಮಾತ್ರ ಕೊಡೋದಿಲ್ಲ ಸ್ವಾಮಿ, ಬೀಗ ಹಾಕಿರುತ್ತೆ. ಅದಕ್ಕೇ ಬಾಡಿಗೆ ಇಳಿಸಿರೋದು” ಎನ್ನುತ್ತಿದ್ದರು. ಕೋಣೆ ಅಲ್ಲಿಯೇ ಇದೆ, ಗೋಡೆ, ಸೂರು, ಕಿಟಕಿ ಎಲ್ಲವೂ ಸರಿಯಾಗಿಯೇ ಇವೆ, ಆದರೆ ನಮಗಿಲ್ಲ. ಬಾಡಿಗೆಗೆ ಬಂದವನು ಆಗ ಮನಸ್ಸಿನಲ್ಲಿ ಮಾಡುತ್ತಿದ್ದ ಲೆಕ್ಕ ಒಂದೇ: ಆ ಕೋಣೆಯಿಲ್ಲದೆ ನಮ್ಮ ಸಂಸಾರ ನಡೆದೀತೆ?

ಗಣಕಯಂತ್ರದ ಪ್ರೊಸೆಸರ್ ಎಂಬ ಚಿಪ್ಪನ್ನು ಕಡಿಮೆ ಹಣದಲ್ಲಿ, ಅದರಲ್ಲಿಯೂ ಆಟವಾಡುವುದಕ್ಕೆಂದು ಕೊಂಡವರ ಚರಿತ್ರೆಯೂ ಹೆಚ್ಚುಕಡಿಮೆ ಇದೇ. ನಮ್ಮ ಪಠ್ಯಪುಸ್ತಕಗಳು ಇದನ್ನು ಕೇಂದ್ರೀಯ ಸಂಸ್ಕರಣ ಘಟಕ ಎಂದು ಕರೆಯುತ್ತವೆ. ಹೆಸರು ಘನವಾಗಿದೆ, ಆದರೆ ಆ ಹೆಸರು ಹೇಳಿ ಅದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಆದುದರಿಂದ ನಾನು ಪ್ರೊಸೆಸರ್ ಎಂದೇ ಹೇಳುತ್ತೇನೆ. ಅಗ್ಗದ ಪ್ರೊಸೆಸರ್ ಎಂಬುದು ಬಡಕಲಾದ ಬೇರೊಂದು ವಸ್ತುವಲ್ಲ. ಅನೇಕ ವೇಳೆ ಅದು ದುಬಾರಿ ಪ್ರೊಸೆಸರೇ, ಒಂದು ಕೋಣೆಗೆ ಬೀಗ ಹಾಕಿದ್ದು. ಯಾವ ಕೋಣೆಗೆ ಬೀಗ ಬಿದ್ದಿದೆ, ಅದು ನಮಗೆ ಬೇಕೋ ಬೇಡವೋ ಎಂದು ತಿಳಿದುಕೊಂಡವನು ಗೆದ್ದ, ತಿಳಿಯದವನು ಸೋತ.

ಕಥೆ 1975ರಿಂದ ಆರಂಭವಾಗುತ್ತದೆ. ಅಮೆರಿಕದ ಮೊಟೊರೊಲಾ ಕಂಪನಿಯ 6800 ಎಂಬ ಪ್ರೊಸೆಸರಿಗೆ ಆಗ ನೂರಾರು ಡಾಲರು ಬೆಲೆ. ಅಲ್ಲಿಂದ ಹೊರಬಂದ ಚಕ್ ಪೆಡಲ್ ಮತ್ತು ಕೆಲವು ಎಂಜಿನಿಯರುಗಳು, ಮಾಸ್ ಟೆಕ್ನಾಲಜಿ ಎಂಬ ಕಂಪನಿ ಸೇರಿ, ಯಾವುದನ್ನು ಬಿಟ್ಟರೂ ಕೆಲಸ ನಡೆಯುತ್ತದೆ ಎಂದು ಒಂದೊಂದಾಗಿ ಯೋಚಿಸಿದರು. ಎರಡು ಸಂಚಯಕಗಳಿದ್ದ ಕಡೆ ಒಂದು ಸಾಕೆಂದರು. 16 ಬಿಟ್ಟಿನ ಸೂಚಿಕೆಯನ್ನು 8 ಬಿಟ್ಟಿಗೆ ಇಳಿಸಿದರು. ಹೀಗೆ ಹುಟ್ಟಿದ 6502 ಎಂಬ ಚಿಪ್ಪನ್ನು 25 ಡಾಲರಿಗೆ ಮಾರಿದರು. ಆಪಲ್ ಕಂಪನಿಯ ಮೊದಲ ಗಣಕಗಳೂ, 1984ರ ನಂತರ ಸರಕಾರದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಗಣಕಗಳೂ ಇದೇ ವಂಶದ ಚಿಪ್ಪನ್ನು ನಂಬಿದ್ದವು.

ಈ ವಂಶದ ಮತ್ತೊಂದು ಕುಡಿ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳನ್ನು ಹಿಂಬಾಗಿಲಿನಿಂದ ಹೊಕ್ಕಿತು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಆಟದ ಯಂತ್ರವನ್ನು ತಂದಿತು. ಅದಕ್ಕಾಗಿ ರಿಕೋ ಕಂಪನಿ ತಯಾರಿಸಿದ ಚಿಪ್ಪಿನ ಒಳಗಿದ್ದುದು 6502ರ ರಚನೆಯೇ. ಆದರೆ ಹತ್ತರ ಲೆಕ್ಕದಲ್ಲಿ ನೇರವಾಗಿ ಕೂಡಿ ಕಳೆಯುವ ಭಾಗವೊಂದನ್ನು ಮಾತ್ರ ಅದರಲ್ಲಿ ನಿಷ್ಕ್ರಿಯಗೊಳಿಸಿದ್ದರು. ಅಂಗಡಿಯ ಲೆಕ್ಕ ಬರೆಯುವವನಿಗೆ ಆ ಭಾಗ ಬೇಕು. ಗೊಂಬೆಯನ್ನು ಗೋಡೆಯಿಂದ ಗೋಡೆಗೆ ಹಾರಿಸುವವನಿಗೆ ಅದರಿಂದ ಏನಾಗಬೇಕು? ಈ ಯಂತ್ರದ ನಕಲುಗಳು 1990ರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ಟಿ.ವಿ. ಗೇಮ್ ಎಂಬ ಹೆಸರಿನಲ್ಲಿ ಮಾರಾಟವಾದವು. ಬೇಸಿಗೆ ರಜೆಯಲ್ಲಿ ಹಳದಿ ಕ್ಯಾಸೆಟ್ಟನ್ನು ಬಾಯಿಂದ ಊದಿ ಊದಿ ಸಿಕ್ಕಿಸುತ್ತಿದ್ದ ಮಕ್ಕಳಿಗೆ ತಮ್ಮ ಯಂತ್ರದಲ್ಲಿ ಒಂದು ಕೋಣೆಗೆ ಬೀಗ ಬಿದ್ದಿದೆಯೆಂದು ತಿಳಿದಿರಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ.

ದೊಡ್ಡವರ ಗಣಕದಲ್ಲಿಯೂ ಇದೇ ನಡೆಯಿತು. 1981ರಲ್ಲಿ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರಿಗೆ ಇಂಟೆಲ್ಲಿನ 8086 ಚಿಪ್ಪನ್ನು ಬಿಟ್ಟು 8088 ಅನ್ನು ಆರಿಸಿತು. ಎರಡೂ ಒಳಗೆ ಒಂದೇ. ಎರಡನೆಯದರ ಹೊರಬಾಗಿಲು ಮಾತ್ರ ಅರ್ಧ ಅಗಲ. ಬಾಗಿಲು ಕಿರಿದಾದುದರಿಂದ ಸುತ್ತಲಿನ ಬಿಡಿಭಾಗಗಳೆಲ್ಲ ಅಗ್ಗದವು ಸಾಕಾದವು. ಇಂದಿಗೂ ಮೇಜಿನ ಮೇಲಿನ ಗಣಕಗಳು ಬಹುಮಟ್ಟಿಗೆ ಅನುಸರಿಸುತ್ತಿರುವ ಮೇಲ್ಪಂಕ್ತಿ ಹಾಕಿದ ಆ ಯಂತ್ರವೇ ಮಿತವ್ಯಯದ ಆಯ್ಕೆಯಿಂದ ಹುಟ್ಟಿತೆಂಬುದನ್ನು ಮರೆಯಬಾರದು.

ಬೀಗದ ಕಥೆ ನಿಜವಾಗಿ ರಂಗೇರುವುದು 1991ರಲ್ಲಿ. ಇಂಟೆಲ್ಲಿನ 486 ಡಿಎಕ್ಸ್ ಎಂಬ ಚಿಪ್ಪಿನೊಳಗೆ ಸುಮಾರು 12 ಲಕ್ಷ ಟ್ರಾನ್ಸಿಸ್ಟರುಗಳಿದ್ದವು. ದಶಾಂಶ ಭಿನ್ನಗಳ ಲೆಕ್ಕಕ್ಕೆಂದೇ ಪ್ರತ್ಯೇಕವಾದ ಒಂದು ಗಣಿತ ಘಟಕವೂ ಅದರಲ್ಲಿತ್ತು. ಆ ಘಟಕವಿಲ್ಲದ 486 ಎಸ್‌ಎಕ್ಸ್ ಆ ವರ್ಷ ಕಡಿಮೆ ಬೆಲೆಗೆ ಬಂತು. ಅದರ ಮೊದಮೊದಲ ಪ್ರತಿಗಳಲ್ಲಿ ಘಟಕ ಒಳಗೇ ಇತ್ತು, ಕೆಲಸ ಮಾಡದಂತೆ ಮಾಡಿದ್ದರು, ಅಷ್ಟೆ. ಇನ್ನೂ ವಿನೋದದ ಸಂಗತಿಯೆಂದರೆ, ಆಮೇಲೆ ಗಣಿತ ಘಟಕ ಬೇಕೆಂದವರಿಗೆ 487 ಎಂಬ ಜೊತೆ ಚಿಪ್ಪನ್ನು ಮಾರಿದರು. ಅದು ಜೊತೆಯದಾಗಿರಲಿಲ್ಲ, ಪೂರ್ತಿ 486 ಡಿಎಕ್ಸ್ ಆಗಿತ್ತು. ಅದನ್ನು ಸಿಕ್ಕಿಸಿದೊಡನೆ ಹಳೆಯ ಚಿಪ್ ಸುಮ್ಮನಾಗಿ ಹೊಸದೇ ಎಲ್ಲ ಕೆಲಸವನ್ನೂ ಮಾಡುತ್ತಿತ್ತು.

ಹಾಗಾದರೆ ಎಸ್‌ಎಕ್ಸ್ ಕೊಂಡವನು ಮೋಸಹೋದನೆ? ಆಟದ ಹುಡುಗನಾದರೆ, ಇಲ್ಲ. 1993ರ ಡಿಸೆಂಬರಿನಲ್ಲಿ ‘ಡೂಮ್’ ಎಂಬ ಆಟ ಬಂತು. ಜಗತ್ತನ್ನೇ ಹುಚ್ಚು ಹಿಡಿಸಿದ ಆಟ ಅದು. ಅದನ್ನು ಬರೆದವರು ಭಿನ್ನಗಳ ಗೊಡವೆಗೇ ಹೋಗಿರಲಿಲ್ಲ. ಅವೆನ್ಯೂ ರಸ್ತೆಯ ಸೆಟ್ಟರು ರೂಪಾಯಿಯ ಭಿನ್ನ ಬರೆಯುವ ಬದಲು ಎಲ್ಲವನ್ನೂ ಪೈಸೆಗೆ ತಿರುಗಿಸಿಕೊಂಡು ಪೂರ್ಣಾಂಕದಲ್ಲೇ ಲೆಕ್ಕ ಮುಗಿಸಿದಂತೆ, ಆಟದ ಲೆಕ್ಕವನ್ನೆಲ್ಲ ಪೂರ್ಣಾಂಕಗಳಲ್ಲಿ ನಡೆಸಿದರು. ಗಣಿತ ಘಟಕವಿದ್ದರೂ ಇಲ್ಲದಿದ್ದರೂ ಡೂಮ್ ಒಂದೇ ಸಮನೆ ಓಡಿತು.

ಆದರೆ ಮೂರು ವರ್ಷವೂ ತುಂಬುವ ಮೊದಲೇ ಗಾಳಿ ತಿರುಗಿತು. ಅದೇ ಜನ 1996ರ ಜೂನ್ ತಿಂಗಳಲ್ಲಿ ‘ಕ್ವೇಕ್’ ಆಟವನ್ನು ತಂದರು. ಅದು ಮೂರು ಆಯಾಮಗಳ ನಿಜವಾದ ಲೋಕ. ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣಬೇಕಾದರೆ ಕ್ಷಣಕ್ಷಣವೂ ಭಾಗಾಕಾರ ಬೇಕು. ಇಂಟೆಲ್ಲಿನ ಪೆಂಟಿಯಮ್ ಚಿಪ್ಪು ಒಂದು ಕಡೆ ಭಾಗಾಕಾರ ನಡೆಸುತ್ತಲೇ ಇನ್ನೊಂದು ಕಡೆ ಚುಕ್ಕೆಗಳನ್ನು ಬಳಿಯುವಂತೆ ಆ ಆಟವನ್ನು ಹೆಣೆದಿದ್ದರು. ಸೈರಿಕ್ಸ್ ಕಂಪನಿಯ 6x86 ಎಂಬ ಅಗ್ಗದ ಚಿಪ್ ಪತ್ರ ಬರೆಯುವುದರಲ್ಲಿ, ಲೆಕ್ಕದ ಹಾಳೆ ತುಂಬುವುದರಲ್ಲಿ ಪೆಂಟಿಯಮ್ಮಿಗೆ ಸಮನಾಗಿತ್ತು, ಕೆಲವೊಮ್ಮೆ ಮೇಲಾಗಿಯೂ ಇತ್ತು. 133 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದ ಅದಕ್ಕೆ 166 ಎಂಬ ಅಂಕಿಯನ್ನು ಹಣೆಗೆ ಅಂಟಿಸಿದ್ದೂ ಅದರಿಂದಲೇ. ಆದರೆ ಭಿನ್ನಗಳ ಲೆಕ್ಕದಲ್ಲಿ ಅದು ನಿಧಾನ. ಕ್ವೇಕ್ ಆಟ ಕೇಳಿದ್ದು ಅದನ್ನೇ. ಬೇಡವೆಂದು ಬಿಟ್ಟಿದ್ದ ಕೋಣೆಗೇ ನೆಂಟರು ಬಂದಿಳಿದ ಹಾಗಾಯಿತು.

ಈ ವಿವೇಕ ಬೆಂಗಳೂರಿನಲ್ಲಿ ಯಾವ ಪುಸ್ತಕದಿಂದಲೂ ಹರಡಲಿಲ್ಲ. ಬಾಯಿಂದ ಬಾಯಿಗೆ, ಅಂಗಡಿಯ ಕಟ್ಟೆಯಿಂದ ಅಂಗಡಿಯ ಕಟ್ಟೆಗೆ ಹರಡಿತು. ಆ ಕಟ್ಟೆಗಳಿದ್ದುದು ಹಳೆಯ ಪೇಟೆಯ ಸಾದರ ಪತ್ರಪ್ಪ ರಸ್ತೆಯಲ್ಲಿ. ಎಲ್ಲರ ಬಾಯಲ್ಲಿ ಅದು ಎಸ್.ಪಿ. ರೋಡು. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದು ಜನ ಅಲ್ಲಿಗೆ ಹೋದರೂ ವ್ಯಾಪಾರ ಮಾತ್ರ ಪೇಟೆಯನ್ನು ಬಿಡಲಿಲ್ಲ. ಪೈಪು, ಮೋಟರು, ಯಂತ್ರದ ಉಪಕರಣ, ರೇಡಿಯೊ ಬಿಡಿಭಾಗಗಳನ್ನು ಮಾರುತ್ತಿದ್ದ ಈ ಬೀದಿಗೆ ಗಣಕದ ಬಿಡಿಭಾಗಗಳು ಬಂದು ಸೇರಿದ್ದು ಸಹಜವೇ. 1984ರ ನವೆಂಬರಿನ ಗಣಕ ನೀತಿ ಆಮದನ್ನು ಸಡಿಲಿಸಿತು. 1991ರ ನಂತರ ಕಟ್ಟು ಇನ್ನಷ್ಟು ಸಡಿಲವಾಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನದ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಸುಂಕ ಹಂತಹಂತವಾಗಿ ಇಳಿಯಿತು. ಕಂಪನಿಯ ಹೆಸರು ಹೊತ್ತ ಗಣಕವನ್ನು ಕೊಳ್ಳಲಾರದ ಗುಮಾಸ್ತರು, ಉಪಾಧ್ಯಾಯರು ಇಲ್ಲಿ ಬಿಡಿಬಿಡಿಯಾಗಿ ಕೊಂಡು ಜೋಡಿಸಿಕೊಂಡರು.

ನನ್ನ ಅಕ್ಕನ ಮನೆಯವರು ಚಾಮರಾಜಪೇಟೆಯವರು. ಭಾವನವರು ಬ್ಯಾಂಕಿನ ಗುಮಾಸ್ತರು. 1998ರ ಕೊನೆಯಲ್ಲಿ ಮಗನಿಗೆ ಗಣಕ ಕೊಡಿಸಲು ಹೊರಟಾಗ ನಾನೂ ಜೊತೆಗಿದ್ದೆ. ಕೋಟೆ ದಾಟಿ, ಮಾರುಕಟ್ಟೆಯ ಹೂವಿನ ರಾಶಿಗಳ ಪಕ್ಕ ಹಾದು ಮೂವರೂ ನಡೆದೇ ಹೋದೆವು. ಅಂಗಡಿಯವರ ಮೊದಲ ಪ್ರಶ್ನೆ, “ಸಾರ್, ಟ್ಯಾಲಿಗಾ, ಗೇಮಿಗಾ?” ಎಂದು. ಭಾವನವರು ಗಂಭೀರವಾಗಿ, “ಓದೋದಕ್ಕೆ” ಎಂದರು. ಹುಡುಗ ನೆಲ ನೋಡಿದ. ಅಂಗಡಿಯವರು ನಕ್ಕು, “ಓದೋದಕ್ಕೆ ಅಂದ್ರೆ ಗೇಮಿಗೆ” ಎಂದು ಒಳಗಿನಿಂದ ಒಂದು ಡಬ್ಬಿ ತರಿಸಿದರು.

ಆ ಡಬ್ಬಿಯಲ್ಲಿದ್ದುದು ಇಂಟೆಲ್ಲಿನ ಸೆಲೆರಾನ್ 300ಎ. ಅಗ್ಗದ ಚಿಪ್ಪುಗಳ ಚರಿತ್ರೆಯಲ್ಲಿ ಇದಕ್ಕಿಂತ ಪ್ರಸಿದ್ಧವಾದ ಹೆಸರಿಲ್ಲ. ಇದನ್ನು ಅರಿಯಬೇಕಾದರೆ ಕ್ಯಾಶ್ ಎಂಬುದನ್ನು ಅರಿಯಬೇಕು. ಅಡುಗೆಯವರಿಗೆ ಉಗ್ರಾಣವೊಂದಿದ್ದರೂ ಒಲೆಯ ಪಕ್ಕದಲ್ಲೊಂದು ಒಗ್ಗರಣೆ ಡಬ್ಬಿ ಇರುತ್ತದೆಯಲ್ಲವೆ? ಸಾಸಿವೆಗೆಂದು ಪ್ರತಿಸಲವೂ ಉಗ್ರಾಣಕ್ಕೆ ಹೋಗಿ ಬಂದರೆ ಎಣ್ಣೆ ಹೊತ್ತಿಹೋಗುತ್ತದೆ. ಕ್ಯಾಶ್ ಎಂದರೆ ಆ ಒಗ್ಗರಣೆ ಡಬ್ಬಿ. ಆ ವರ್ಷದ ಏಪ್ರಿಲ್‌ನಲ್ಲಿ ಬಂದ ಮೊದಲ ಸೆಲೆರಾನಿನಲ್ಲಿ, ಬೆಲೆ ಇಳಿಸುವ ಸಲುವಾಗಿ, ಎರಡನೆಯ ಹಂತದ ಕ್ಯಾಶನ್ನೇ ತೆಗೆದುಹಾಕಿದ್ದರು, ಅದು ನಗೆಪಾಟಲಾಯಿತು. ಆಗಸ್ಟಿನಲ್ಲಿ ಬಂದ 300ಎ ಚಿಪ್ಪಿಗೆ 128 ಕಿಲೊಬೈಟಿನ ಪುಟ್ಟ ಡಬ್ಬಿಯನ್ನು ಕೊಟ್ಟರು. ದುಬಾರಿ ಪೆಂಟಿಯಮ್ 2ರಲ್ಲಿ ಇದ್ದುದು 512 ಕಿಲೊಬೈಟು; ಆದರೆ ಅದು ಚಿಪ್ಪಿನ ಹೊರಗೆ, ಅರ್ಧ ವೇಗದಲ್ಲಿ ಇತ್ತು. ಸೆಲೆರಾನಿನದು ಚಿಕ್ಕದಾದರೂ ಒಲೆಯ ಪಕ್ಕದಲ್ಲೇ, ಪೂರ್ಣ ವೇಗದಲ್ಲಿ ಇತ್ತು. ಆಟಗಳಿಗೆ ಅದು ಧಾರಾಳವಾಗಿ ಸಾಕಾಯಿತು.

ಇನ್ನು ಬೀಗದ ಮಾತು. ಮದರ್‌ಬೋರ್ಡಿನ ಮೂಲವೇಗವನ್ನು ನಾಲ್ಕೂವರೆಯಿಂದ ಗುಣಿಸಿದರೆ ಈ ಚಿಪ್ಪಿನ ವೇಗ ಬರುತ್ತಿತ್ತು: 66ಕ್ಕೆ ನಾಲ್ಕೂವರೆ, ಸುಮಾರು 300 ಮೆಗಾಹರ್ಟ್ಸ್. ನಾಲ್ಕೂವರೆ ಎಂಬ ಗುಣಕಕ್ಕೆ ಇಂಟೆಲ್ ಬೀಗ ಹಾಕಿತ್ತು, ಮೂಲವೇಗಕ್ಕೆ ಹಾಕಿರಲಿಲ್ಲ. ಅದನ್ನು 66ರಿಂದ 100ಕ್ಕೆ ಏರಿಸಿದರೆ 450. ಅದೇ ದಿನ ಬಿಡುಗಡೆಯಾದ 450ರ ಪೆಂಟಿಯಮ್ 2ಕ್ಕೆ ಸಗಟು ಬೆಲೆ 669 ಡಾಲರು; ಇದಕ್ಕೆ 149. ಎಲ್ಲ ಪ್ರತಿಗಳೂ ಆ ವೇಗವನ್ನು ತಾಳುತ್ತಿದ್ದವೆಂದಲ್ಲ. ಆದರೆ ಬಹಳಷ್ಟು ತಾಳಿದವು.

ಅಕ್ಕನ ಮಗ ಒಂದೇ ವಾರದಲ್ಲಿ ಅದನ್ನು 450ಕ್ಕೆ ಏರಿಸಿದ. ಗಣಕ ಹೊತ್ತಿಸಿದಾಗ ತೆರೆಯ ಮೇಲೆ ಮೂಡುತ್ತಿದ್ದ ಅಂಕಿ ಒಂದು ಸಂಜೆ ಭಾವನವರ ಕಣ್ಣಿಗೆ ಬಿತ್ತು. ರಶೀದಿ ತೆಗೆದು ನೋಡಿದರು. “ನಾನು ಕೊಟ್ಟಿರೋದು ಮುನ್ನೂರರ ದುಡ್ಡು ಕಣೋ. ಅಂಗಡಿಯವರು ತಪ್ಪಿ ಬೇರೆ ಕೊಟ್ಟಿದಾರೆ. ನಾಳೆ ಹೋಗಿ ವಾಪಸ್ ಕೊಟ್ಟು ಬಾ” ಎಂದರು. ಮಗ ವಿವರಿಸಿದ ಮೇಲೂ ಅವರ ಮನಸ್ಸಿಗೆ ಒಪ್ಪಲಿಲ್ಲ. ನಲವತ್ತು ವರ್ಷ ಪರರ ಹಣವನ್ನು ಎಣಿಸಿದ ಕೈ. ಕೊಟ್ಟದ್ದಕ್ಕಿಂತ ಹೆಚ್ಚು ಪಡೆದರೆ ಅದು ಯಾರದೋ ಎಂಬುದು ಅವರ ವಾದ. ಚಿಪ್ಪನ್ನು ಪೂರ್ತಿ ಕೊಂಡಾಗ ಅದರೊಳಗಿನ ಶಕ್ತಿಯೂ ನಮ್ಮದೇ ಎಂಬುದು ಹುಡುಗನ ವಾದ. ತೀರ್ಪು ಹೇಳೆಂದು ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಹುಡುಗನ ಪಕ್ಷ ವಹಿಸಿದೆ. ಇಂದಿಗೂ ಅದೇ ಪಕ್ಷ. ಮಾರಾಟವಾದ ಮನೆಯಲ್ಲಿ ಹಳೆಯ ಯಜಮಾನರ ಬೀಗಕ್ಕೆ ಬೆಲೆಯಿಲ್ಲ. ಆದರೆ ಗ್ಯಾರಂಟಿಯ ಕಾಗದಕ್ಕೂ ಬೆಲೆಯಿಲ್ಲವಾಯಿತು, ಆ ಮಾತನ್ನೂ ಹೇಳಬೇಕು. ಮೇ ತಿಂಗಳ ಸೆಕೆಯಲ್ಲಿ ಯಂತ್ರ ಆಟದ ನಡುವೆ ನಿಂತು ನಿಂತುಹೋದಾಗ ಹುಡುಗ ಅದರ ಪಕ್ಕದ ತಗಡನ್ನು ಬಿಚ್ಚಿ ಎದುರಿಗೆ ಮನೆಯ ಟೇಬಲ್ ಫ್ಯಾನನ್ನು ಇಟ್ಟ. ಮನೆಯವರು ಬೆವರಿದರು, ಗಣಕ ತಂಪಾಗಿತ್ತು. ಕೊನೆಗೆ ಒಂದು ಒಪ್ಪಂದವಾಯಿತು: ಬೇಸಿಗೆಯಲ್ಲಿ 300, ಮಳೆಗಾಲ ಹಿಡಿದ ಮೇಲೆ 450.

ಕಂಪನಿಗಳು ಒಳ್ಳೆಯ ಕೋಣೆಗೆ ಬೀಗ ಹಾಕುವುದಾದರೂ ಏಕೆ ಎಂದು ಕೇಳುವವರುಂಟು. ಚಿಕ್ಕಪೇಟೆಯ ಜವಳಿ ಅಂಗಡಿಗಳಲ್ಲಿ ನೇಯ್ಗೆಯಲ್ಲಿ ಎಳೆ ತಪ್ಪಿದ ಸೀರೆಯನ್ನು ಸೆಕೆಂಡ್ಸ್ ಮಾಲು ಎಂದು ಇಳಿಸಿ ಮಾರುವುದುಂಟಷ್ಟೆ. ಚಿಪ್ಪುಗಳೂ ಒಂದು ಸಿಲಿಕಾನ್ ತಟ್ಟೆಯ ಮೇಲೆ ನೂರಾರು ಒಟ್ಟಿಗೆ ಅಚ್ಚಾಗುತ್ತವೆ; ಕೆಲವದರಲ್ಲಿ ಒಂದು ಮೂಲೆ ಕೆಟ್ಟಿರುತ್ತದೆ. ಆ ಮೂಲೆಯನ್ನು ಮುಚ್ಚಿ ಉಳಿದದ್ದನ್ನು ಅಗ್ಗಕ್ಕೆ ಮಾರಿದರೆ ನಷ್ಟ ತಪ್ಪುತ್ತದೆ. ಆದರೆ ಅಗ್ಗದ ಮಾಲಿಗೆ ಗಿರಾಕಿ ಹೆಚ್ಚಿ, ಕೆಟ್ಟ ಚಿಪ್ಪುಗಳೇ ಸಾಲದೆ ಹೋದಾಗ, ಸರಿಯಿರುವುದಕ್ಕೂ ಬೀಗ ಹಾಕಿ ಕಳುಹಿಸುತ್ತಾರೆ. ಹೊರಗಿನಿಂದ ನೋಡಿದರೆ ಯಾವುದು ಯಾವುದೆಂದು ತಿಳಿಯುವ ಹಾಗಿಲ್ಲ. ಎಎಂಡಿ ಕಂಪನಿಯ ಚಿಪ್ಪುಗಳಲ್ಲಿ ಈ ಜೂಜು ಬಹಳ ನಡೆಯಿತು. 2000ದಲ್ಲಿ ಬಂದ ಅದರ ಡ್ಯೂರಾನ್ ಚಿಪ್ಪಿನ ಮೈಮೇಲೆ ಕತ್ತರಿಸಿಬಿಟ್ಟಿದ್ದ ಸಣ್ಣ ಸೇತುವೆಗಳನ್ನು ಶಾಲೆಯ ಮಕ್ಕಳು ಬಳಸುವ ಸೀಸದ ಕಡ್ಡಿಯಿಂದ ಗೀಚಿ ಕೂಡಿಸಿದರೆ ಗುಣಕದ ಬೀಗ ಕಳಚುತ್ತಿತ್ತು. 2009ರ ಫೆನಮ್ 2 ಚಿಪ್ಪುಗಳಲ್ಲಿ ಎರಡು ಅಥವಾ ಮೂರು ತಿರುಳುಗಳಿವೆಯೆಂದು ಹೇಳಿ ಮಾರಿದವುಗಳಲ್ಲಿ ಒಳಗೆ ನಾಲ್ಕಿದ್ದವು; ಕೆಲವು ಮದರ್‌ಬೋರ್ಡುಗಳು ಉಳಿದವನ್ನು ಎಬ್ಬಿಸಿಕೊಡುತ್ತಿದ್ದವು. ಕೆಲವರಿಗೆ ಇಡೀ ಮನೆ ಸಿಕ್ಕಿತು. ಕೆಲವರು ಬೀಗ ತೆಗೆದು ನೋಡಿದರೆ ಒಳಗೆ ನಿಜವಾಗಿಯೇ ಸೂರು ಸೋರುತ್ತಿತ್ತು.

ಏನನ್ನು ಬಿಡಬಹುದು ಎಂಬ ಪ್ರಶ್ನೆಯನ್ನು ಆಟದ ಹುಡುಗರಷ್ಟೇ ಕೇಳಲಿಲ್ಲ. ಮಲ್ಲೇಶ್ವರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್‌ಕೋರ್ ಎಂಬ ಬೆಂಗಳೂರಿನ ಕಂಪನಿಯೊಡನೆ ಸೇರಿ 1999ರಲ್ಲಿ ಬಡವರಿಗೂ ಎಟುಕುವ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ಯೋಜಿಸಿದಾಗ ಅವರೂ ಇದೇ ಲೆಕ್ಕ ಹಾಕಿದರು. ಅವರು ಆರಿಸಿದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನಲ್ಲಿ ಭಿನ್ನಗಳ ಗಣಿತ ಘಟಕ ಇರಲಿಲ್ಲ. ಅದು ಪುಟ್ಟ ಬ್ಯಾಟರಿಗಳ ಮೇಲೆ ಓಡುತ್ತಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಅದನ್ನು ತಯಾರಿಸಿತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆ ಸೋಲಿಗೆ ಕಾರಣ ಪ್ರೊಸೆಸರಿನ ಆಯ್ಕೆ ಅಲ್ಲವೆಂದೇ ನನ್ನ ಎಣಿಕೆ. ಅಷ್ಟು ಹೊತ್ತಿಗೆ ಬಡವನ ಕೈಗೆ ಮೊಬೈಲ್ ಫೋನು ಬರತೊಡಗಿತ್ತು.

ಆಟದ ಕಡೆಗೆ ಮರಳೋಣ. 1996ರ ಕೊನೆಯಲ್ಲಿ ವೂಡೂ ಎಂಬ ಗ್ರಾಫಿಕ್ಸ್ ಕಾರ್ಡು, 1999ರಲ್ಲಿ ಜೀಫೋರ್ಸ್ 256 ಬಂದ ಮೇಲೆ ಚಿತ್ರ ಬಿಡಿಸುವ ಭಾರ ಪ್ರೊಸೆಸರಿನ ಹೆಗಲಿನಿಂದ ಕಾರ್ಡಿನ ಹೆಗಲಿಗೆ ಜಾರಿತು. ಅಂದಿನಿಂದ ಕಡಿಮೆ ದುಡ್ಡಿನವರ ಸೂತ್ರ ಬದಲಾಯಿತು: ಪ್ರೊಸೆಸರಿಗೆ ಸಾಕಾಗುವಷ್ಟು ಹಾಕು, ಉಳಿದದ್ದನ್ನು ಕಾರ್ಡಿಗೆ ಹಾಕು. ಇದನ್ನು ತಲೆಕೆಳಗು ಮಾಡಿಕೊಂಡವರನ್ನು ನಾನು ಬಹಳ ನೋಡಿದ್ದೇನೆ. ದೊಡ್ಡ ಪ್ರೊಸೆಸರ್ ಕೊಂಡು, ಕಾರ್ಡಿಗೆ ದುಡ್ಡು ಸಾಲದೆ, ಮದುವೆ ಮಂಟಪಕ್ಕೆಲ್ಲ ಖರ್ಚು ಮಾಡಿ ಊಟಕ್ಕೆ ಚಿತ್ರಾನ್ನ ಹಾಕಿಸಿದವರಂತೆ ಕುಳಿತಿರುತ್ತಾರೆ. ಕ್ಯಾಶಿನ ಪಾಠ ಮಾತ್ರ ಹಳತಾಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಎಎಂಡಿ ತನ್ನ 5800ಎಕ್ಸ್ ಪ್ರೊಸೆಸರಿನ ವೇಗವನ್ನು ಸ್ವಲ್ಪ ಇಳಿಸಿ, ಮೇಲೊಂದು ಅಟ್ಟದಂತೆ 64 ಮೆಗಾಬೈಟು ಕ್ಯಾಶನ್ನು ಹೆಚ್ಚಿಗೆ ಕೂರಿಸಿದಾಗ ಆಟಗಳಲ್ಲಿ ಅದು ಮೂಲ ಚಿಪ್ಪನ್ನು ಹಿಂದೆ ಹಾಕಿತು.

2017ರ ಆರಂಭದಲ್ಲಿ 64 ಡಾಲರಿನ ಪೆಂಟಿಯಮ್ ಜಿ4560 ಬಂತು. ಅದರ ಎರಡು ತಿರುಳು ನಾಲ್ಕರಂತೆ ದುಡಿಯುತ್ತಿದ್ದವು, ಆಟಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿ ಬೆಲೆಯ ಐ3ರ ಸಮೀಪಕ್ಕೆ ಬರುತ್ತಿತ್ತು. ಬೀಗ ಬಿದ್ದದ್ದು ಎವಿಎಕ್ಸ್ ಎಂಬ ಲೆಕ್ಕದ ಸೌಕರ್ಯಕ್ಕೆ. ಯಾರಿಗೂ ಅದು ಬೇಕಾಗಿರಲಿಲ್ಲ. ಒಂದೆರಡು ವರ್ಷಗಳಲ್ಲಿ ಕೆಲವು ಹೊಸ ಆಟಗಳು ಅದಿಲ್ಲದೆ ತೆರೆಯುವುದೇ ಇಲ್ಲ ಎಂದವು. ಕ್ವೇಕ್ ಕಾಲದ ಕಥೆಯೇ ಮತ್ತೆ ನಡೆಯಿತು. 2018ರ ಫೆಬ್ರವರಿಯಲ್ಲಿ, ನಾಣ್ಯ ಗಣಿಗಾರಿಕೆಯ ಹುಚ್ಚಿನಿಂದ ಗ್ರಾಫಿಕ್ಸ್ ಕಾರ್ಡಿನ ಬೆಲೆ ಆಕಾಶಕ್ಕೇರಿದ್ದಾಗ, ಎಎಂಡಿಯ 99 ಡಾಲರಿನ ರೈಜೆನ್ 3 2200ಜಿ ಪ್ರೊಸೆಸರಿನ ಒಳಗೇ ಆಡುವಷ್ಟು ಚಿತ್ರಶಕ್ತಿಯಿತ್ತು. ಕಾರ್ಡೇ ಇಲ್ಲದೆ ಎಷ್ಟೋ ಮನೆಗಳಲ್ಲಿ ಆಟ ನಡೆಯಿತು. ಇಂಟೆಲ್ 2019ರಿಂದ ಇದಕ್ಕೆ ತದ್ವಿರುದ್ಧವಾದ ದಾರಿಯನ್ನೂ ಹಿಡಿಯಿತು. ಒಳಗಿನ ಚಿತ್ರಘಟಕಕ್ಕೆ ಬೀಗ ಹಾಕಿ, ಹೆಸರಿನ ಕೊನೆಗೆ ‘ಎಫ್’ ಎಂಬ ಅಕ್ಷರ ಸೇರಿಸಿ, ಬೆಲೆ ಇಳಿಸಿ ಮಾರಿತು.

ಈ ಚಿಪ್ಪುಗಳ ಊರು ಯಾವುದು ಎಂದರೆ ಉತ್ತರ ವಿಚಿತ್ರವಾಗಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಬೆಂಗಳೂರಿನಲ್ಲಿ ಚಿಪ್ಪುಗಳ ನಕ್ಷೆ ಬರೆಯುವ ಕೆಲಸ ನಡೆದಿದೆ. 2008ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಆರು ತಿರುಳಿನ ಜೀಯಾನ್ 7400 ಬೆಂಗಳೂರಿನ ತಂಡದ ವಿನ್ಯಾಸ. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಇಲ್ಲಿಯೇ ತೆರೆಯಿತು. ಆದರೆ ಎಸ್.ಪಿ. ರೋಡಿನಲ್ಲಿ ಕೊಂಡ ಚಿಪ್ಪಿನ ಮುಚ್ಚಳದ ಮೇಲೆ ಮಲೇಷ್ಯಾ, ವಿಯೆಟ್ನಾಮ್, ಚೀನಾ ಎಂದಿರುತ್ತದೆ. ಬೀಗದ ನಕ್ಷೆ ಬರೆದವನೂ ಅದನ್ನು ತೆಗೆಯಲು ಹೆಣಗುವ ಹುಡುಗನೂ ಒಂದೇ ಊರಿನವರಾಗಿದ್ದರೂ ಚಿಪ್ಪು ಅವರಿಬ್ಬರ ನಡುವೆ ಸಮುದ್ರ ದಾಟಿ ಬರಬೇಕು.

2022ರಲ್ಲಿ ಬಸವನಗುಡಿಯ ನಮ್ಮ ನೆರೆಮನೆಯ ಹುಡುಗಿಯೊಬ್ಬಳು, ಆಗ ಕಾಲೇಜು ಸೇರಿದ್ದವಳು, ಇದೇ ಸಮಸ್ಯೆಯನ್ನು ಹೊತ್ತು ಬಂದಳು. ಐ3 12100 ಎಂಬುದೊಂದು, 12100ಎಫ್ ಎಂಬುದೊಂದು. ಎರಡಕ್ಕೂ ನಾಲ್ಕು ತಿರುಳು, ಎಂಟರಂತೆ ದುಡಿಮೆ, ಒಂದೇ ವೇಗ. ಎಫ್ ಎಂಬುದರಲ್ಲಿ ಚಿತ್ರಘಟಕಕ್ಕೆ ಬೀಗ, ಬೆಲೆಯಲ್ಲಿ 25 ಡಾಲರಿನ ವ್ಯತ್ಯಾಸ. ಎಲ್ಲರೂ ಎಫ್ ತೆಗೆದುಕೋ, ಉಳಿದ ಹಣವನ್ನು ಕಾರ್ಡಿಗೆ ಹಾಕು ಎಂದಿದ್ದರು. ಶಾಸ್ತ್ರ ಅದೇ. “ಕಾರ್ಡು ಯಾವಾಗ ಕೊಳ್ತೀಯಮ್ಮ?” ಎಂದು ಕೇಳಿದೆ. “ಈಗ ದುಡ್ಡಿಲ್ಲ ಅಂಕಲ್, ಟ್ಯೂಷನ್ ಹೇಳಿ ಒಂದು ವರ್ಷ ಕೂಡಿಡಬೇಕು” ಎಂದಳು. ಕಾರ್ಡಿಲ್ಲದ ಎಫ್ ಚಿಪ್ಪಿನ ಗಣಕದಲ್ಲಿ ತೆರೆಯ ಮೇಲೆ ಏನೂ ಮೂಡುವುದಿಲ್ಲ. ಆ ಒಂದು ವರ್ಷ ಅದು ಬರಿಯ ಡಬ್ಬಿ. ಅವಳು ಬೀಗವಿಲ್ಲದ್ದನ್ನೇ ತಂದಳು. ಆ ವರ್ಷವೆಲ್ಲ ಅದರ ಸಣ್ಣ ಚಿತ್ರಘಟಕದಲ್ಲಿ ಹಳೆಯ ಆಟಗಳನ್ನು ಆಡಿದಳು. ಮುಂದಿನ ದೀಪಾವಳಿಗೆ ಕಾರ್ಡು ಬಂತು.